ಅಗಲ ಚಿತ್ರ ಅಗಲವಾಗಿಯೇ ಉಳಿಯಲಿ

(ರಾಯಲ್ಪಾಡಿನಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನು ಮಾತಿಗೆ ನಿಂತರೆ ಬೀಜ, ಗೊಬ್ಬರ, ಔಷಧಿ ಇವುಗಳ ವಿಷಯವನ್ನೇ ಹೇಳುತ್ತಾನೆಂದು ನೀವು ತಿಳಿಯುವುದು ಸಹಜ. ಕೃಷಿ ಡಿಪ್ಲೊಮಾ ಓದಿ ಬಂದ ನನಗೂ ಅದೇ ರೂಢಿ. ಆದರೆ ಇಂದು ನಾನು ಹೊಲದ ಮಾತನ್ನು ಸ್ವಲ್ಪ ಬದಿಗಿಟ್ಟು, ನಿಮ್ಮ ಮನೆಯ ಟ್ರಂಕಿನಲ್ಲಿರುವ ಒಂದು ವಸ್ತುವಿನ ವಿಷಯ ಹೇಳಬೇಕೆಂದಿದ್ದೇನೆ.

ನಮ್ಮ ಹೋಬಳಿಯ ಹಲವು ಮನೆಗಳಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಚಿಕ್ಕ ವಿಡಿಯೊ ಕ್ಯಾಸೆಟ್ಟುಗಳಿವೆ. ಇವಕ್ಕೆ ಮಿನಿ ಡಿ.ವಿ. ಕ್ಯಾಸೆಟ್ಟು ಎಂದು ಹೆಸರು. ಈ ಬಗೆಯ ಕ್ಯಾಸೆಟ್ಟು 1995ರಲ್ಲಿ ಬಳಕೆಗೆ ಬಂದಿತು. ಅದಾದ ಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಮದುವೆ, ಗೃಹಪ್ರವೇಶ, ಊರ ಜಾತ್ರೆ ಮುಂತಾದುವನ್ನು ಇದರಲ್ಲಿ ತೆಗೆಸಿದವರು ಬಹಳ ಮಂದಿ. ಈಗ ನಮ್ಮೊಡನೆ ಇಲ್ಲದ ಹಿರಿಯರು ಅದರಲ್ಲಿ ನಡೆದಾಡುತ್ತಾರೆ, ನಗುತ್ತಾರೆ, ಮಕ್ಕಳನ್ನು ಗದರುತ್ತಾರೆ. ಕಡಿದುಹೋದ ಮಾವಿನ ಮರ ಅದರಲ್ಲಿ ಇನ್ನೂ ಹೂ ಬಿಟ್ಟು ನಿಂತಿದೆ. ಬತ್ತಿದ ಬಾವಿಯಲ್ಲಿ ನೀರಿದೆ.

ಈ ಕ್ಯಾಸೆಟ್ಟು ಹಾಕಿ ನೋಡುವ ಕ್ಯಾಮೆರಾಗಳು ಅಂಗಡಿಯಲ್ಲಿ ಹೊಸದಾಗಿ ಸಿಗುವುದು ನಿಂತು ವರ್ಷಗಳಾದುವು. ದೊಡ್ಡ ಕ್ಯಾಸೆಟ್ಟಿನ ಯಂತ್ರಗಳ ಗತಿಯೂ ಅಷ್ಟೇ. ಅವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಆದ್ದರಿಂದ ಅನೇಕರು ಈಗ ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ, ಪೆನ್ ಡ್ರೈವಿಗೆ ಹಾಕಿಸುತ್ತಿದ್ದಾರೆ. ಇದು ಒಳ್ಳೆಯ ಕೆಲಸ, ಬೇಗ ಮಾಡಬೇಕಾದ ಕೆಲಸ. ಆದರೆ ಇಳಿಸುವಾಗ ಒಂದು ಅಳತೆ ತಪ್ಪಿದರೆ ಮನುಷ್ಯರ ರೂಪವೇ ಕೆಡುತ್ತದೆ. ಆ ಅಳತೆ ಯಾವುದು, ಅದನ್ನು ಕಾಯುವುದು ಹೇಗೆ ಎಂಬುದೇ ಇಂದಿನ ಮಾತು.

ಒಂದು ಮನೆಯಲ್ಲಿ ಕಂಡದ್ದು

ಹತ್ತಿರದ ಒಂದು ಊರಿನ ಮನೆಯವರು ಮಗಳ ಮದುವೆಯ ಕ್ಯಾಸೆಟ್ಟನ್ನು ಪೇಟೆಯಲ್ಲಿ ಪೆನ್ ಡ್ರೈವಿಗೆ ಹಾಕಿಸಿ ತಂದು ಟಿ.ವಿ.ಯಲ್ಲಿ ನೋಡುತ್ತಿದ್ದರು. ಧಾರೆಯ ಹೊತ್ತಿನಲ್ಲಿ ಆ ಮನೆಯ ತಾತ ಕಾಣಿಸಿಕೊಂಡರು. ಅವರು ತೀರಿಕೊಂಡು ಕೆಲವು ವರ್ಷಗಳಾಗಿವೆ. ಮದುವೆಯ ನಂತರ ಹುಟ್ಟಿದ ಮೊಮ್ಮಗು, "ತಾತನಿಗೆ ಕಾಯಿಲೆಯಾಗಿತ್ತಾ? ಯಾಕೆ ಇಷ್ಟು ಸಣ್ಣಗಿದ್ದಾರೆ?" ಎಂದು ಕೇಳಿತು. ಅಜ್ಜಿ ಪರದೆಯನ್ನೇ ನೋಡುತ್ತ, "ಇವರು ಹೀಗಿರಲಿಲ್ಲ ಕಣಪ್ಪ. ಮೂಟೆ ರಾಗಿಯನ್ನು ಒಬ್ಬರೇ ಹೆಗಲಿಗೆ ಏರಿಸುತ್ತಿದ್ದರು" ಎಂದರು.

ತಾತನಿಗೆ ಕಾಯಿಲೆ ಇರಲಿಲ್ಲ. ಚಿತ್ರದ ಅಗಲ ಮಾತ್ರ ಕುಗ್ಗಿತ್ತು. ಆ ಮಗು ತನ್ನ ತಾತನನ್ನು ಕಾಣುವುದಕ್ಕೆ ಇರುವುದು ಅದೊಂದೇ ದಾರಿ. ಅದರಲ್ಲಿ ತಪ್ಪು ರೂಪ ಕಂಡರೆ, ಮಗುವಿನ ಮನಸ್ಸಿನಲ್ಲಿ ಉಳಿಯುವುದೂ ತಪ್ಪು ರೂಪವೇ. ಪುಣ್ಯಕ್ಕೆ ಆ ಮನೆಯವರು ಕ್ಯಾಸೆಟ್ಟನ್ನು ಎಸೆದಿರಲಿಲ್ಲ.

ಎರಡು ಆಕಾರಗಳು

ಹಳೆಯ ಟಿ.ವಿ. ಪೆಟ್ಟಿಗೆಯ ಪರದೆ ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರ ಇರುತ್ತಿತ್ತು. ಇದನ್ನು 4:3 ಎನ್ನುತ್ತಾರೆ. ಈಗ ಗೋಡೆಗೆ ತೂಗುಹಾಕುವ ಟಿ.ವಿ.ಯ ಪರದೆ ಹದಿನಾರು ಪಾಲು ಅಗಲ, ಒಂಬತ್ತು ಪಾಲು ಎತ್ತರ. ಇದು 16:9. ಅಗಲಕ್ಕೂ ಎತ್ತರಕ್ಕೂ ಇರುವ ಈ ಲೆಕ್ಕವನ್ನೇ ಪ್ರಮಾಣ ಎನ್ನುತ್ತೇವೆ. ನಮ್ಮ ಕ್ಯಾಸೆಟ್ಟುಗಳ ಕಾಲವು ಈ ಎರಡಕ್ಕೂ ನಡುವಿನ ಕಾಲ. ಆಗಿನ ಹಲವು ಕ್ಯಾಮೆರಾಗಳಲ್ಲಿ ಎರಡು ಬಗೆಯಲ್ಲಿಯೂ ಚಿತ್ರ ತೆಗೆಯುವ ಏರ್ಪಾಟಿತ್ತು. ತೊಡಕು ಹುಟ್ಟಿದ್ದು ಇಲ್ಲಿಯೇ.

ನಾಟಿಯ ಲೆಕ್ಕದಿಂದ ತಿಳಿಯೋಣ

ವಿಡಿಯೊ ಚಿತ್ರವೆಂದರೆ ಚುಕ್ಕಿಗಳನ್ನು ಸಾಲಾಗಿ ನೆಟ್ಟ ಒಂದು ಹೊಲ. ನಮ್ಮ ದೇಶದಲ್ಲಿ ನಡೆಯುವ ಪಾಲ್ ಪದ್ಧತಿಯ ಡಿ.ವಿ. ಚಿತ್ರದಲ್ಲಿ 576 ಸಾಲುಗಳು, ಸಾಲೊಂದಕ್ಕೆ 720 ಚುಕ್ಕಿಗಳು. ಒಟ್ಟು 4,14,720 ಚುಕ್ಕಿಗಳು. ಇಂಥ ಚಿತ್ರಗಳು ಸೆಕೆಂಡಿಗೆ 25 ಬರುತ್ತವೆ.

ಇಲ್ಲಿ ಒಂದು ಸೋಜಿಗವಿದೆ. 4:3 ಚಿತ್ರಕ್ಕೂ 16:9 ಚಿತ್ರಕ್ಕೂ ಚುಕ್ಕಿಗಳ ಸಂಖ್ಯೆ ಒಂದೇ! ಹಾಗಾದರೆ ಒಂದು ಅಗಲ, ಇನ್ನೊಂದು ಕಿರಿದು ಆಗುವುದು ಹೇಗೆ? ಸಸಿಗಳ ಅಂತರದಿಂದ.

ನೀವೇ ಯೋಚಿಸಿ. ಎರಡು ಹೊಲಗಳಿವೆ. ಎರಡರಲ್ಲೂ 576 ಸಾಲು, ಸಾಲಿಗೆ 720 ಸಸಿ. ಸಾಲಿನಿಂದ ಸಾಲಿಗೆ ಒಂದೊಂದು ಅಡಿ. ಮೊದಲನೆಯ ಹೊಲದಲ್ಲಿ ಗಿಡದಿಂದ ಗಿಡಕ್ಕೆ ಒಂದು ಅಡಿಗಿಂತ ತುಸು ಹೆಚ್ಚು, ಅಂದರೆ 1.07 ಅಡಿ ಅಂತರ ಕೊಟ್ಟರೆ ಹೊಲದ ಅಗಲ ಸುಮಾರು 768 ಅಡಿ ಆಗುತ್ತದೆ. ಎರಡನೆಯದರಲ್ಲಿ 1.42 ಅಡಿ ಅಂತರ ಕೊಟ್ಟರೆ ಅಗಲ ಸುಮಾರು 1024 ಅಡಿ ಆಗುತ್ತದೆ. ಸಸಿ ಅಷ್ಟೇ, ಸಾಲೂ ಅಷ್ಟೇ. ಅಂತರ ಬೇರೆ, ಆದ್ದರಿಂದ ಹೊಲದ ಆಕಾರ ಬೇರೆ. 768ಕ್ಕೆ 576 ಎಂದರೆ 4:3. 1024ಕ್ಕೆ 576 ಎಂದರೆ 16:9.

ಯಾವ ಅಂತರದಲ್ಲಿ ನೆಡಬೇಕೆಂಬುದನ್ನು ಕ್ಯಾಮೆರಾ ಒಂದು ಚೀಟಿಯ ಹಾಗೆ ಚಿತ್ರದ ಜೊತೆಯಲ್ಲೇ ಕ್ಯಾಸೆಟ್ಟಿನಲ್ಲಿ ಬರೆದಿಡುತ್ತದೆ. ಕಂಪ್ಯೂಟರಿನ ಕೆಲವು ಪ್ರೋಗ್ರಾಮುಗಳು ಆ ಚೀಟಿಯನ್ನು ಓದಿ ಸರಿಯಾಗಿ ನಡೆಯುತ್ತವೆ. ಕೆಲವು ಅದನ್ನು ಓದದೆ ಎಲ್ಲ ಚಿತ್ರವನ್ನೂ 4:3 ಎಂದೇ ಎಣಿಸುತ್ತವೆ. ಆಗ ಅಗಲದ ಹೊಲದ ಸಸಿಗಳನ್ನು ಇಕ್ಕಟ್ಟಿನಲ್ಲಿ ನೆಟ್ಟ ಹಾಗಾಗುತ್ತದೆ. ಮುಖ ನೀಳವಾಗುತ್ತದೆ, ಹೆಗಲು ಕುಗ್ಗುತ್ತದೆ, ದುಂಡನೆಯ ರಸಪುರಿ ಹಣ್ಣು ತೋತಾಪುರಿಯಂತೆ ಕಾಣುತ್ತದೆ. ಆ ತಾತನಿಗೆ ಆದದ್ದು ಇದೇ.

ಸಿನಿಮಾದವರು ಮಾಡಿದ ಉಪಾಯ

ಅಗಲದ ಚಿತ್ರವನ್ನು ಕಿರಿದಾದ ಜಾಗದಲ್ಲಿ ಮಡಿಸಿಟ್ಟು, ತೋರಿಸುವಾಗ ಬಿಚ್ಚುವ ಈ ಉಪಾಯ ವಿಡಿಯೊದವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಆನ್ರಿ ಕ್ರೆತಿಯೆನ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಇದಕ್ಕೆ ತಕ್ಕ ಗಾಜನ್ನು ರೂಪಿಸಿದ್ದರು. ಅಮೆರಿಕದ ಸಿನಿಮಾದವರು 1953ರಲ್ಲಿ ಅದನ್ನು ಸಿನಿಮಾಸ್ಕೋಪ್ ಎಂಬ ಹೆಸರಿನಲ್ಲಿ ಬಳಕೆಗೆ ತಂದರು. ಕ್ಯಾಮೆರಾದ ಮುಂದಿನ ಗಾಜು ಚಿತ್ರದ ಅಗಲವನ್ನು ಅರ್ಧಕ್ಕೆ ಕುಗ್ಗಿಸಿ ಫಿಲ್ಮಿನ ಮೇಲೆ ಮೂಡಿಸುತ್ತದೆ. ಥಿಯೇಟರಿನ ಯಂತ್ರದ ಗಾಜು ಅದನ್ನು ಮತ್ತೆ ಎರಡರಷ್ಟು ಅಗಲಿಸುತ್ತದೆ.

ನಮ್ಮ ದೇಶದಲ್ಲಿ ಈ ಬಗೆಯಲ್ಲಿ ತೆಗೆದ ಮೊದಲ ಚಿತ್ರ 1959ರ "ಕಾಗಜ್ ಕೆ ಫೂಲ್". ಅದರ ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಕ್ಯಾಮೆರಾ ಹಿಡಿದವರು ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ "ಸೊಸೆ ತಂದ ಸೌಭಾಗ್ಯ" 1977ರಲ್ಲಿ ಬಂದಿತು.

ಇಷ್ಟೆಲ್ಲ ಹೇಳಿದ ಕಾರಣವೇನೆಂದರೆ, ಮೂರ್ತಿಯವರಂಥವರು ಎಷ್ಟು ಚೆನ್ನಾಗಿ ಚಿತ್ರ ತೆಗೆದಿದ್ದರೂ, ಟೆಂಟಿನಲ್ಲಿ ಯಂತ್ರ ನಡೆಸುವವನು ಆ ಗಾಜನ್ನು ಹಾಕದೆ ಹೋದರೆ ಪರದೆಯ ಮೇಲೆ ಎಲ್ಲರೂ ಕಡ್ಡಿಗಳಂತೆ ನಿಲ್ಲುತ್ತಾರೆ. ತಪ್ಪು ಫಿಲ್ಮಿನದಲ್ಲ, ತೋರಿಸುವವನದು. ನಮ್ಮ ಕ್ಯಾಸೆಟ್ಟಿನ ವಿಷಯದಲ್ಲೂ ಹಾಗೆಯೇ. ಕ್ಯಾಸೆಟ್ಟಿನಲ್ಲಿ ಚಿತ್ರ ಕ್ಷೇಮವಾಗಿರುತ್ತದೆ. ಬಿಚ್ಚುವವನು ಸರಿಯಾಗಿ ಬಿಚ್ಚಬೇಕು, ಅಷ್ಟೆ.

ಇಳಿಸುವ ಕ್ರಮ

ನಿಮ್ಮ ಮಕ್ಕಳೇ ಇಳಿಸಲಿ, ಪೇಟೆಯ ಸ್ಟುಡಿಯೊದವರೇ ಇಳಿಸಲಿ, ಈ ಕ್ರಮ ನಡೆಯುವಂತೆ ನೋಡಿಕೊಳ್ಳಿ.

1. ಕ್ಯಾಸೆಟ್ಟಿನ ಅಂಚಿನಲ್ಲಿ ಸರಿಯುವ ಒಂದು ಚಿಕ್ಕ ಗುಂಡಿಯಿದೆ. ಅದನ್ನು ಮೊದಲು "ಸೇವ್" ಎಂದಿರುವ ಕಡೆಗೆ ಸರಿಸಿ. ಆಮೇಲೆ ಕೈತಪ್ಪಿ ರೆಕಾರ್ಡ್ ಒತ್ತಿದರೂ ಹಳೆಯದು ಅಳಿಯುವುದಿಲ್ಲ.

2. ಕ್ಯಾಮೆರಾದಿಂದ ಕಂಪ್ಯೂಟರಿಗೆ ಫೈರ್‌ವೈರ್ ಎಂಬ ತಂತಿಯಿಂದ ಸಂಪರ್ಕ ಕೊಡಿಸಿ. ಕ್ಯಾಮೆರಾದಲ್ಲಿ ಅದರ ತೂತಿನ ಪಕ್ಕದಲ್ಲಿ "ಡಿ.ವಿ." ಎಂದು ಬರೆದಿರುತ್ತದೆ. ಈ ದಾರಿಯಲ್ಲಿ ಕ್ಯಾಸೆಟ್ಟಿನಲ್ಲಿರುವ ಚುಕ್ಕಿಗಳು ಒಂದೂ ಕೆಡದೆ, ಚೀಟಿಯ ಸಮೇತ, ಇದ್ದದ್ದು ಇದ್ದ ಹಾಗೆ ಬರುತ್ತವೆ. ಒಂದು ಗಂಟೆಯ ಕ್ಯಾಸೆಟ್ಟು ಇಳಿಯಲು ಒಂದು ಗಂಟೆಯೇ ಬೇಕು. ಸುಮಾರು 13 ಜಿ.ಬಿ. ಜಾಗ ಹಿಡಿಯುತ್ತದೆ. "ಐದು ನಿಮಿಷದಲ್ಲಿ ಮಾಡಿಕೊಡುತ್ತೇನೆ" ಎನ್ನುವವರ ಮಾತನ್ನು ನಂಬಬೇಡಿ.

3. ಇಳಿಸುವ ಮೊದಲು ಪ್ರೋಗ್ರಾಮಿನಲ್ಲಿ "ಡಿ.ವಿ. ಪಾಲ್ ವೈಡ್‌ಸ್ಕ್ರೀನ್" ಅಥವಾ "16:9" ಎಂಬುದನ್ನು ಆರಿಸಿಕೊಳ್ಳಬೇಕು. ಕ್ಯಾಸೆಟ್ಟಿನಲ್ಲಿರುವುದು 4:3 ಆದರೆ ಅದಕ್ಕೆ ತಕ್ಕದ್ದನ್ನೇ ಆರಿಸಬೇಕು. ಮಣ್ಣು ನೋಡಿ ಬೀಜ, ಕ್ಯಾಸೆಟ್ಟು ನೋಡಿ ಪ್ರಮಾಣ.

4. ಕೆಲವು ಕಡೆ ಫೈರ್‌ವೈರ್ ಇರುವುದಿಲ್ಲ. ಹಳದಿ, ಕೆಂಪು, ಬಿಳಿ ಮೂತಿಯ ತಂತಿಯಿಂದ ಇಳಿಸುತ್ತಾರೆ. ಈ ದಾರಿಯಲ್ಲಿ ಸಾಮಾನ್ಯವಾಗಿ ಚೀಟಿ ಕಂಪ್ಯೂಟರಿಗೆ ತಲುಪುವುದಿಲ್ಲ. ಜೊತೆಗೆ ಇನ್ನೊಂದು ಅಪಾಯವಿದೆ. ಹಲವು ಕ್ಯಾಮೆರಾಗಳ ಮೆನುವಿನಲ್ಲಿ "ಟಿ.ವಿ. ಟೈಪ್" ಎಂಬ ಒಂದು ಸಾಲು ಇರುತ್ತದೆ. ಅದು 4:3ರಲ್ಲಿದ್ದರೆ, ಹಳೆಯ ಟಿ.ವಿ.ಗೆ ಹೊಂದಲೆಂದು ಕ್ಯಾಮೆರಾ ತಾನೇ ಚಿತ್ರವನ್ನು ಕುಗ್ಗಿಸಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಕಳುಹಿಸುತ್ತದೆ. ಆಗ 576 ಸಾಲುಗಳಲ್ಲಿ ಚಿತ್ರಕ್ಕೆ ಸಿಗುವುದು 432 ಮಾತ್ರ. ನಾಲ್ಕು ಎಕರೆಯಲ್ಲಿ ಒಂದು ಎಕರೆಯನ್ನು ಬೀಳು ಬಿಟ್ಟ ಹಾಗೆ! ಅದನ್ನು ಮೊದಲೇ 16:9ಕ್ಕೆ ತಿರುಗಿಸಿ, ಕಂಪ್ಯೂಟರಿನಲ್ಲಿಯೂ 16:9 ಎಂದು ತಿಳಿಸಿ.

5. 2003ರ ನಂತರ ಬಂದ ಕೆಲವು ಕ್ಯಾಮೆರಾಗಳು ಇದೇ ಚಿಕ್ಕ ಕ್ಯಾಸೆಟ್ಟಿನಲ್ಲಿ ಎಚ್.ಡಿ.ವಿ. ಎಂಬ ಹೆಚ್ಚು ಸ್ಪಷ್ಟವಾದ ಚಿತ್ರವನ್ನು ಬರೆಯುತ್ತವೆ. ಅದರಲ್ಲಿ 1080 ಸಾಲು. ಸಾಲಿಗೆ 1440 ಚುಕ್ಕಿ ಇರುವ ಬಗೆಯೇ ಹೆಚ್ಚು. ಅದನ್ನು ಬಿಚ್ಚಿದಾಗ 1920ರಷ್ಟು ಅಗಲವಾಗಬೇಕು. ಇಲ್ಲಿಯೂ ಅಂತರದ ಲೆಕ್ಕವೇ. ಅಂಥ ಕ್ಯಾಸೆಟ್ಟನ್ನು ಅದೇ ಬಗೆಯ ಕ್ಯಾಮೆರಾದಲ್ಲಿಯೇ ಹಾಕಿ ಇಳಿಸಬೇಕು.

6. ಒಂದೇ ಕ್ಯಾಸೆಟ್ಟಿನಲ್ಲಿ ಬೆಳಗಿನ ಶಾಸ್ತ್ರ 4:3ರಲ್ಲಿಯೂ ಸಂಜೆಯ ಆರತಕ್ಷತೆ 16:9ರಲ್ಲಿಯೂ ಇರುವುದುಂಟು. ನಡುವೆ ಯಾರೋ ಮೆನು ಬದಲಾಯಿಸಿರುತ್ತಾರೆ. ಹಾಗಿದ್ದರೆ ಎರಡು ಭಾಗ ಮಾಡಿ ಬೇರೆ ಬೇರೆ ಇಳಿಸಬೇಕು. ರಾಗಿಗೂ ನೆಲಗಡಲೆಗೂ ಒಂದೇ ಜರಡಿ ಹಿಡಿದರೆ ಆಗುವುದಿಲ್ಲ.

ತಮಟೆಯ ಪರೀಕ್ಷೆ

ಇಳಿಸಿದ್ದು ಸರಿಯಾಗಿದೆಯೇ ಎಂದು ತಿಳಿಯಲು ಇಂಗ್ಲಿಷೂ ಬೇಡ, ಕಂಪ್ಯೂಟರ್ ವಿದ್ಯೆಯೂ ಬೇಡ. ಶಾಲೆಯ ಮಕ್ಕಳ ಅಳತೆ ಪಟ್ಟಿ ಒಂದಿದ್ದರೆ ಸಾಕು.

ಇಡೀ ಕ್ಯಾಸೆಟ್ಟನ್ನು ಇಳಿಸುವ ಮೊದಲು ಒಂದು ನಿಮಿಷದಷ್ಟನ್ನು ಮಾತ್ರ ಇಳಿಸಿ ನೋಡಿ. ಚಿತ್ರದಲ್ಲಿ ದುಂಡಗಿರುವ ಒಂದು ವಸ್ತುವನ್ನು ಹುಡುಕಿ. ನಮ್ಮ ಕಡೆಯ ಮದುವೆ, ಜಾತ್ರೆಗಳಲ್ಲಿ ತಮಟೆ ಇದ್ದೇ ಇರುತ್ತದೆ. ಇಲ್ಲವಾದರೆ ಗೋಡೆ ಗಡಿಯಾರ, ಪಕ್ಕದಿಂದ ಕಾಣುವ ಸೈಕಲ್ ಚಕ್ರ ಯಾವುದಾದರೂ ಸರಿ. ಅದು ಓರೆಯಾಗಿರಬಾರದು, ಕ್ಯಾಮೆರಾಕ್ಕೆ ನೇರ ಎದುರಾಗಿರಬೇಕು. ಚಿತ್ರವನ್ನು ನಿಲ್ಲಿಸಿ, ಪರದೆಯ ಮೇಲೆ ಪಟ್ಟಿಯಿಟ್ಟು ಅದರ ಅಗಲವನ್ನೂ ಎತ್ತರವನ್ನೂ ಅಳೆಯಿರಿ.

ಎರಡೂ ಸಮನಾಗಿದ್ದರೆ ಪ್ರಮಾಣ ಸರಿಯಾಗಿದೆ. ಎತ್ತರ 12 ಸೆಂಟಿಮೀಟರ್, ಅಗಲ 9 ಸೆಂಟಿಮೀಟರ್ ಬಂದರೆ, 16:9 ಚಿತ್ರವನ್ನು 4:3 ಎಂದು ತೋರಿಸುತ್ತಿದ್ದಾರೆಂದು ಅರ್ಥ. ಎತ್ತರ 9, ಅಗಲ 12 ಬಂದರೆ, 4:3 ಚಿತ್ರವನ್ನು 16:9ಕ್ಕೆ ಎಳೆದಿದ್ದಾರೆಂದು ಅರ್ಥ. ಎತ್ತರ 10 ಇದ್ದು ಅಗಲ 7 ಮಾತ್ರ ಬಂದರೆ, ಕಂಪ್ಯೂಟರ್ ಅಂತರದ ಲೆಕ್ಕವನ್ನೇ ಬಿಟ್ಟು, 720 ಚುಕ್ಕಿಗಳನ್ನು ಒಂದಕ್ಕೊಂದು ಅಂಟಿಸಿ ತೋರಿಸುತ್ತಿದೆ.

ಅಳೆಯುವಾಗ ಟಿ.ವಿ.ಯ ರಿಮೋಟಿನ ಮೇಲೂ ಒಂದು ಕಣ್ಣಿರಲಿ. "ವೈಡ್", "ಜೂಮ್" ಎಂಬ ಗುಂಡಿಗಳನ್ನು ಮಕ್ಕಳು ಒತ್ತಿಟ್ಟಿದ್ದರೆ ಸರಿಯಾದ ಚಿತ್ರವೂ ಕೆಟ್ಟಂತೆ ಕಾಣುತ್ತದೆ. ಆದ್ದರಿಂದ ಮೊದಲ ಪರೀಕ್ಷೆಯನ್ನು ಕಂಪ್ಯೂಟರಿನ ಪರದೆಯ ಮೇಲೆಯೇ ಮಾಡುವುದು ಲೇಸು.

ತಿದ್ದಬಹುದಾದ ತಪ್ಪು, ತಿದ್ದಲಾಗದ ತಪ್ಪು

ಈಗಾಗಲೇ ಇಳಿಸಿ ತಂದಿದ್ದೇವೆ, ಮುಖಗಳು ನೀಳವಾಗಿವೆ, ಏನು ಮಾಡುವುದು ಎಂದು ಕೆಲವರು ಕೇಳಬಹುದು. ಗಾಬರಿ ಬೇಡ. ಬರೀ ಅಂತರದ ತಪ್ಪಾಗಿದ್ದರೆ ಚುಕ್ಕಿಗಳೆಲ್ಲ ಇದ್ದಲ್ಲೇ ಇವೆ. ಚೀಟಿಯನ್ನು ತಿದ್ದಿದರೆ ಸಾಕು. ಕಂಪ್ಯೂಟರಿನಲ್ಲಿ ವಿ.ಎಲ್.ಸಿ. ಎಂಬ ಪ್ರೋಗ್ರಾಮಿನಲ್ಲಿ ವಿಡಿಯೊ ಹಾಕಿ, ಇಂಗ್ಲಿಷಿನ "ಎ" ಅಕ್ಷರದ ಕೀಲಿಯನ್ನು ಒತ್ತುತ್ತ ಹೋದರೆ ಪ್ರಮಾಣಗಳು ಒಂದಾದ ಮೇಲೊಂದು ಬದಲಾಗುತ್ತವೆ. 16:9 ಬಂದಾಗ ಮುಖಗಳು ಸರಿಹೋದರೆ ರೋಗ ಯಾವುದೆಂದು ತಿಳಿದಂತಾಯಿತು. ಇದು ನೋಡುವಾಗಿನ ಪರೀಕ್ಷೆ ಮಾತ್ರ. ಪ್ರತಿಯಲ್ಲಿಯೇ ಶಾಶ್ವತವಾಗಿ ತಿದ್ದುವಂತೆ ಸ್ಟುಡಿಯೊದವರಿಗೆ ಹೇಳಿ. ನಾನು ಹೇಳಿದ ಮನೆಯ ತಾತ ಮತ್ತೆ ತಮ್ಮ ಹೆಗಲು ಪಡೆದದ್ದು ಹೀಗೆಯೇ.

ಆದರೆ ಎರಡು ತಪ್ಪುಗಳನ್ನು ಹೀಗೆ ತಿದ್ದಲಾಗದು. ಒಂದು, ಚಿತ್ರ ಪರದೆ ತುಂಬಲೆಂದು ಮೇಲೆ ಕೆಳಗೆ ಕತ್ತರಿಸುವುದು. ಕತ್ತರಿಸಿದ ತಲೆ, ಪೇಟ, ಕಾಲಿನ ಗೆಜ್ಜೆ ಆ ಪ್ರತಿಗೆ ಮತ್ತೆ ಬರುವುದಿಲ್ಲ. ಎರಡು, ಕಪ್ಪು ಪಟ್ಟಿಯನ್ನು ಚಿತ್ರದೊಳಗೇ ಸೇರಿಸಿಬಿಡುವುದು. ಅಂಥ ಪ್ರತಿಯನ್ನು ಅಗಲದ ಟಿ.ವಿ.ಯಲ್ಲಿ ಹಾಕಿದರೆ ನಾಲ್ಕು ಕಡೆಯೂ ಕಪ್ಪು ಬಂದು, ನಡುವೆ ಅಂಚೆಚೀಟಿಯಷ್ಟು ಚಿತ್ರ ಕಾಣುತ್ತದೆ. ಅದನ್ನು ದೊಡ್ಡದು ಮಾಡಬಹುದು, ಆದರೆ ಕಳೆದ ಸಾಲುಗಳು ಮರಳುವುದಿಲ್ಲ. ಮಡಿಸಿದ ಬಟ್ಟೆಯನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ನೇಯಲಾಗದು. ಇಂಥ ತಪ್ಪಾಗಿದ್ದರೆ ಕ್ಯಾಸೆಟ್ಟಿನಿಂದ ಮತ್ತೆ ಇಳಿಸುವುದೊಂದೇ ದಾರಿ. ಕ್ಯಾಸೆಟ್ಟನ್ನೇ ಎಸೆದಿದ್ದರೆ ದಾರಿಯೇ ಇಲ್ಲ.

ಹಳೆಯ 4:3 ಚಿತ್ರವನ್ನು ಎಳೆಯಬೇಡಿ

ಇನ್ನೊಂದು ಮಾತು. ಹಳೆಯ 4:3 ಚಿತ್ರವನ್ನು ಹೊಸ ಟಿ.ವಿ.ಯಲ್ಲಿ ಹಾಕಿದರೆ ಎಡಕ್ಕೂ ಬಲಕ್ಕೂ ಕಪ್ಪು ಜಾಗ ಉಳಿಯುತ್ತದೆ. "ದುಡ್ಡು ಕೊಟ್ಟು ದೊಡ್ಡ ಟಿ.ವಿ. ತಂದಿದ್ದೇವೆ, ಪೂರ್ತಿ ತುಂಬಿಸಿ ಕೊಡಪ್ಪ" ಎಂದು ಕೆಲವರು ಕೇಳುತ್ತಾರೆ, ಸ್ಟುಡಿಯೊದವರೂ ಎಳೆದು ಕೊಡುತ್ತಾರೆ. ಆಗ ಮದುಮಗಳು ಮೂರಕ್ಕೆ ನಾಲ್ಕರಷ್ಟು ದಪ್ಪವಾಗುತ್ತಾಳೆ. ಆ ಕಪ್ಪು ಜಾಗ ಹೊಲದ ಬದುವಿನ ಹಾಗೆ. ಬದುವನ್ನು ಉತ್ತು ಬೆಳೆ ಹೆಚ್ಚಿಸಲು ಹೋದರೆ ಹೊಲಕ್ಕೇ ಕೇಡು. ಅದು ಇದ್ದ ಹಾಗೆಯೇ ಇರಲಿ.

ಎರಡು ಪ್ರತಿ ಇರಲಿ

ಇಳಿಸಿದ ಮೇಲೆ ಎರಡು ಬಗೆಯ ಪ್ರತಿ ಮಾಡಿಸಿ. ಮೊದಲನೆಯದು ಬಿತ್ತನೆ ಬೀಜದ ಹಾಗೆ: ಕ್ಯಾಸೆಟ್ಟಿನಿಂದ ಬಂದ 13 ಜಿ.ಬಿ.ಯ ಮೂಲ ಪ್ರತಿ. ಇದನ್ನು ಕುಗ್ಗಿಸದೆ, ಕತ್ತರಿಸದೆ ಹಾರ್ಡ್ ಡಿಸ್ಕಿನಲ್ಲಿ ಇಡಿ. ಸಾಧ್ಯವಾದರೆ ಎರಡು ಮನೆಗಳಲ್ಲಿ ಒಂದೊಂದು ಇರಲಿ. ಎರಡನೆಯದು ಊಟದ ಕಾಳಿನ ಹಾಗೆ: ಮೊಬೈಲಿನಲ್ಲಿ, ಟಿ.ವಿ.ಯಲ್ಲಿ ನೋಡಲು, ನೆಂಟರಿಗೆ ಕಳುಹಿಸಲು ಎಂ.ಪಿ.4 ಎಂಬ ಚಿಕ್ಕ ಪ್ರತಿ. ಇದನ್ನು ಅಗಲದ ಚಿತ್ರಕ್ಕೆ 1024ಕ್ಕೆ 576, 4:3 ಚಿತ್ರಕ್ಕೆ 768ಕ್ಕೆ 576 ಅಳತೆಯಲ್ಲಿ ಮಾಡಿಸಿದರೆ ಚುಕ್ಕಿಯಿಂದ ಚುಕ್ಕಿಗೆ ಎರಡು ಕಡೆಗೂ ಸಮ ಅಂತರ ಬರುತ್ತದೆ. ಆಮೇಲೆ ಚೀಟಿ ಓದದ ಯಂತ್ರದಲ್ಲೂ ಮುಖ ಕೆಡುವುದಿಲ್ಲ. ಬೇಕಾದರೆ ಈ ಎರಡು ಅಳತೆಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ ಸ್ಟುಡಿಯೊದವರಿಗೆ ಕೊಡಿ. ಕೇಳಿ ಮಾಡಿಸುವುದರಲ್ಲಿ ಸಂಕೋಚವೇನೂ ಬೇಡ. ಗೊಬ್ಬರದ ಚೀಲದ ಮೇಲಿನ ಅಂಕಿ ನೋಡಿ ಕೊಳ್ಳುವವರಲ್ಲವೇ ನಾವು?

ಕ್ಯಾಸೆಟ್ಟನ್ನು ಮಾತ್ರ ಎಸೆಯಬೇಡಿ. ಬಿಸಿಲು, ತೇವ ತಾಗದ ಕಡೆ ಅದರ ಡಬ್ಬಿಯಲ್ಲಿಟ್ಟು, ಮೇಲೆ ಯಾರ ಮದುವೆ, ಯಾವ ವರ್ಷ, 4:3 ಅಥವಾ 16:9 ಎಂದು ಬರೆದು ಅಂಟಿಸಿ. ಮುಂದೆ ಅದನ್ನು ತೆಗೆಯುವವರಿಗೆ ಆ ಒಂದು ಸಾಲು ದೊಡ್ಡ ಉಪಕಾರ.

ಬಂಧುಗಳೇ, ಜಮೀನಿನ ಅಳತೆಯಲ್ಲಿ ಒಂದು ಗುಂಟೆ ತಪ್ಪಿದರೆ ನಾವು ಸುಮ್ಮನಿರುವವರಲ್ಲ. ಸರ್ವೆಯವರನ್ನು ಕರೆಸಿ ಕಲ್ಲು ನೆಡಿಸುತ್ತೇವೆ. ಆ ಜಮೀನನ್ನು ಉತ್ತು ಬಿತ್ತಿ ನಮಗೆ ಬಿಟ್ಟುಹೋದವರ ಮುಖದ ಅಳತೆಗೂ ಅಷ್ಟೇ ಬೆಲೆ ಕೊಡೋಣ. ಈ ಸುಗ್ಗಿ ಮುಗಿದ ಮೇಲೆ ಸಿಗುವ ಬಿಡುವಿನಲ್ಲಿ ಟ್ರಂಕು ತೆಗೆಯಿರಿ, ಕ್ಯಾಸೆಟ್ಟುಗಳನ್ನು ಎಣಿಸಿ, ಒಂದು ನಿಮಿಷ ಇಳಿಸಿ, ತಮಟೆಯ ಮೇಲೆ ಪಟ್ಟಿಯಿಟ್ಟು ಅಳೆಯಿರಿ. ದುಂಡಗಿದ್ದರೆ ಮುಂದುವರಿಯಿರಿ, ಇಲ್ಲದಿದ್ದರೆ ನಿಲ್ಲಿಸಿ ಸರಿಪಡಿಸಿ.

ಯಾರಿಗಾದರೂ ಸಂದೇಹ ಬಂದರೆ ನಾನು ಊರಿಗೆ ಬಂದ ದಿನ ಕೇಳಿ. ಅಳತೆ ಪಟ್ಟಿ ನನ್ನ ಚೀಲದಲ್ಲಿ ಇದ್ದೇ ಇರುತ್ತದೆ.